ಮೌನ ತೆಗೆಯುವ ಗುಂಡಿ

ಜೂನ್ ೩, ಮಂಗಳವಾರ

ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಕಾಫಿ ಕುಡಿದು ಮುಗಿಸಿದ ಮೇಲೆ ಈ ತಪ್ಪೊಪ್ಪಿಗೆ ಬರೆಯುತ್ತಿದ್ದೇನೆ: ನಾನೊಬ್ಬ ಕಳ್ಳ. ಕದ್ದ ಮಾಲು ಒಂದು ಹೆಡ್‌ಫೋನು. ವಾರಸುದಾರಳು ನನ್ನ ಸ್ವಂತ ಮಗಳು. ಮಾಲು ಬಚ್ಚಿಟ್ಟ ಜಾಗ, ಅಡುಗೆಮನೆಯ ಅಟ್ಟದ ಮೇಲಿರುವ ದೊಡ್ಡ ಕುಕ್ಕರು. ಅದು ನೆಂಟರು ಬಂದಾಗಷ್ಟೇ ಕೆಳಗಿಳಿಯುವ ಪಾತ್ರೆ. ನಮ್ಮ ಮನೆಗೆ ನೆಂಟರು ಬರುವುದು ಕಡಿಮೆ. ಬಂದವರು ನನ್ನ ಮಾತು ಕೇಳಿ ಎದ್ದು ಹೋಗುತ್ತಾರೆಂಬುದು ಹೆಂಡತಿಯ ವಾದ.

ಕೃತ್ಯ ಹೀನವಾದರೂ ಉದ್ದೇಶ ಘನವಾದದ್ದು. ಗುಬ್ಬಿ (ಹದಿನಾಲ್ಕು ತುಂಬಿ ನನ್ನ ಕಿವಿಯೆತ್ತರಕ್ಕೆ ಬಂದರೂ ಅವಳ ಅಡ್ಡಹೆಸರು ಮಾತ್ರ ಬೆಳೆದಿಲ್ಲ) ಶಾಲೆಯಿಂದ ಬಂದವಳೇ ಆ ಕರಿ ಬಟ್ಟಲುಗಳೆರಡನ್ನು ಕಿವಿಗೆ ಕವುಚಿಕೊಂಡು ಕೋಣೆ ಸೇರಿದರೆ, ಹೊರಗೆ ಬರುವುದು ಊಟಕ್ಕೇ. ಮನೆಯಲ್ಲಿ ಇಂಥ ಕಂಠ ಪುಕ್ಕಟೆಯಾಗಿ ಹರಿಯುತ್ತಿರುವಾಗ ಕಿವಿ ಮುಚ್ಚಿಕೊಳ್ಳುವುದೆಂದರೆ!

ನಾನು ವೃತ್ತಿಯಿಂದ ನಿರೂಪಕ. ಮದುವೆ, ಮಳಿಗೆಯ ಉದ್ಘಾಟನೆ, ವಿಚಾರ ಸಂಕಿರಣ, ಯಾವುದಕ್ಕಾದರೂ ಮೈಕ್ ಹಿಡಿದು ನಿಲ್ಲುವವನು. ಜನ ಪ್ರೀತಿಯಿಂದ ಮೈಕಣ್ಣ ಅನ್ನುತ್ತಾರೆ. ಹೆಂಡತಿ ಪ್ರೀತಿ ಬದಿಗಿಟ್ಟು ಮೈಕಾಸುರ ಅನ್ನುತ್ತಾಳೆ. ಇಷ್ಟು ವರ್ಷಗಳಲ್ಲಿ ನನ್ನ ಕೈಯಲ್ಲಿ ಮೈಕ್ ಇದ್ದಾಗ ವೇದಿಕೆ ಒಂದು ಕ್ಷಣವೂ ಬಿಕೋ ಅಂದದ್ದಿಲ್ಲ. ಅತಿಥಿ ತಡವಾಗಲಿ, ಕರೆಂಟು ಹೋಗಲಿ, ಮದುಮಗನೇ ನಾಪತ್ತೆಯಾಗಲಿ, ಸಂದು ಬಿದ್ದಲ್ಲೆಲ್ಲ ಮಾತಿನ ಗಾರೆ ಮೆತ್ತಿ ನಿಲ್ಲಿಸಿದ್ದೇನೆ.

ಅಂಥವನ ಮಗಳಿಗೆ ಉಗ್ಗು. ಕೆಲವು ಅಕ್ಷರಗಳು ಬಾಗಿಲಲ್ಲೇ ನಿಂತುಬಿಡುತ್ತವೆ. ಅದರಲ್ಲೂ ‘ನ’ಕಾರದ್ದು ಸದಾ ನಕಾರ. ನನ್ನಿಂದಾದ ಸಹಾಯ ನಾನು ಮಾಡುತ್ತೇನೆ. ಅವಳು “ನ್... ನ್...” ಅನ್ನುವಷ್ಟರಲ್ಲಿ “ನೀರು!” ಎಂದು ಲೋಟ ತುಂಬಿರುತ್ತೇನೆ. ಅವಳು ಕುಡಿಯುತ್ತಾಳೆ. ಇಂಥ ಹೊಂದಾಣಿಕೆ ಎಷ್ಟು ಮನೆಗಳಲ್ಲಿದೆ?

ಜೂನ್ ೪, ಬುಧವಾರ

ಕುಕ್ಕರು ಕೂಗುವ ಮೊದಲೇ ಹೆಂಡತಿ ಕೂಗಿದಳು. ಅವಳ ಕ್ಲಿನಿಕ್ಕಿನ ಹುಡುಗಿಯರನ್ನೆಲ್ಲ ಊಟಕ್ಕೆ ಕರೆದಿದ್ದಾಳೆಂದು ನನಗೆ ಯಾರು ಹೇಳಿದ್ದರು?

“ರೀ, ಇದನ್ನ ಎಷ್ಟು ವಿಷಲ್ ಹಾಕಿ ಬೇಯಿಸ್ಬೇಕು?” ಎಂದು ಹೆಡ್‌ಫೋನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಅವಳು ಹಲ್ಲಿನ ಡಾಕ್ಟರು. ಕಿತ್ತ ಹಲ್ಲನ್ನು ರೋಗಿಗೆ ತೋರಿಸುವುದೂ ಹೀಗೆಯೇ. ಇಡೀ ದಿನ ಬಾಯಿ ತೆರೆದೂ ಮಾತಾಡಲಾಗದವರ ನಡುವೆ ಇದ್ದು ಬರುವವಳಿಗೆ, ನಾನು ಮನೆಯಲ್ಲಿ ಹೇಳುವುದೆಲ್ಲ ದಂತಕಥೆ.

“ಅಪ್ಪ, ಅದು ನ್... ನ್...” ಎಂದಳು ಗುಬ್ಬಿ.

“ನಿಂದೇ ಮರಿ, ಗೊತ್ತು. ನಿನ್ನ ಒಳ್ಳೇದಕ್ಕೇ...”

“ಅಲ್ಲ. ಅದು ಲ್... ಲ್...”

“ಲೋಕ ಸ್ವಲ್ಪ ಕಿವಿಗೆ ಬೀಳಲಿ ಅಂತ...”

“ಲೈಬ್ರರಿದು ಕಣ್ರೀ ಅದು!” ಎಂದಳು ಹೆಂಡತಿ. “ಅವಳು ಕ್ಲಬ್ಬಿಗೆ ಸೇರಿ ಎಷ್ಟು ದಿನ ಆಯ್ತು. ನಿಮಗೆ ಹೇಳೋಕೆ ಸಂದು ಸಿಕ್ಕಿದ್ರೆ ತಾನೇ.”

ಲೈಬ್ರರಿಯಲ್ಲಿ ಮಕ್ಕಳ ಧ್ವನಿ ಕ್ಲಬ್ಬಂತೆ. ಫೋನಿನಲ್ಲಿ ದನಿ ಹಿಡಿದು ತಂದು, ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಜೋಡಿಸಿ, ರೇಡಿಯೋದಂಥ ಕಾರ್ಯಕ್ರಮ ಮಾಡುತ್ತಾರಂತೆ. ಇದಕ್ಕೆ ಸೇರಿಸು ಅಂದದ್ದು ಸ್ಪೀಚ್ ಥೆರಪಿಸ್ಟಂತೆ, ಶನಿವಾರ ಶನಿವಾರ ವಿಡಿಯೋದಲ್ಲಿ ಗುಬ್ಬಿಯೊಡನೆ ಮಾತಾಡುವಾಕೆ. ಒಮ್ಮೆ ಆಕೆ ನನ್ನನ್ನೂ ಕೂರಿಸಿಕೊಂಡಿದ್ದರು. ಸಂವಾದ ಬಹಳ ಚೆನ್ನಾಗಿ ನಡೆಯಿತು. ಕೊನೆಗೆ ಆಕೆ “ಸರ್, ಮಗಳೂ ಅಲ್ಲೇ ಇದ್ದಾಳಾ?” ಎಂದು ಕೇಳಿದ್ದು ನೆಟ್‌ವರ್ಕಿನ ತೊಂದರೆ ಇರಬೇಕು.

ಜೂನ್ ೮, ಭಾನುವಾರ

ತನಿಖೆಗೆ ಲೈಬ್ರರಿಗೆ ಹೋದೆ. ಹಳೆ ಪತ್ರಿಕೆಗಳ ಕೋಣೆಯಲ್ಲಿ ಗೋಡೆಗೆಲ್ಲ ಕಂಬಳಿ ತೂಗುಹಾಕಿದ್ದಾರೆ. ದನಿ ಮಾರ್ದನಿಸಬಾರದಂತೆ. ನನ್ನ ವೃತ್ತಿಯಲ್ಲಿ ದನಿ ಮಾರ್ದನಿಸುವ ಸಭಾಂಗಣಕ್ಕೇ ಹೆಚ್ಚು ಬಾಡಿಗೆ ಕೊಡುತ್ತಾರೆ.

ಕನ್ನಡಕದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತೋರಿಸಿದಳು. ಮಾತು ಅಲ್ಲಿ ಗುಡ್ಡಗುಡ್ಡವಾಗಿ ಕಾಣುತ್ತದೆ, ಸುಮ್ಮನಿದ್ದದ್ದು ಬಯಲಾಗಿ.

“ಅಂಕಲ್, ಇದು ಮೌನ ತೆಗೆಯೋ ಗುಂಡಿ. ಜನ ಮಧ್ಯೆ ಮಧ್ಯೆ ನಿಂತು ಅ... ಅ... ಅಂತಾರಲ್ಲ, ಅದನ್ನೆಲ್ಲ ಬಾಚಿಹಾಕುತ್ತೆ.”

“ಆಹಾ! ಇಂಥದ್ದೊಂದು ಗುಂಡಿ ಮನುಷ್ಯನಿಗೂ ಇದ್ದಿದ್ದರೆ!”

“ನಿಮಗೆ ಬೇಕಾಗಿರೋದು ಬೇರೆ ಗುಂಡಿ ಅಂಕಲ್,” ಎಂದಳು. ಮಕ್ಕಳೆಲ್ಲ ನಕ್ಕರು. ಗುಬ್ಬಿ ಜೋರಾಗಿ ನಕ್ಕಳು. ಮನೆಯಲ್ಲಿ ಅವಳು ಹಾಗೆ ನಕ್ಕದ್ದು ನೆನಪಿಲ್ಲ.

ಕ್ಲಬ್ಬು ನಡೆಸುವುದು ಲೈಬ್ರರಿ ಮೇಡಂ. ಪಿಸುಮಾತಿನಲ್ಲೇ ಗದರಬಲ್ಲ ಹೆಂಗಸು. ಜುಲೈ ಐದಕ್ಕೆ ‘ಕೇಳುವ ಸಭೆ’ ಇದೆಯಂತೆ. ತಂದೆತಾಯಂದಿರೆಲ್ಲ ಕೂತು ಮಕ್ಕಳ ಕಾರ್ಯಕ್ರಮ ಕೇಳುವುದು. ಜೂನ್ ಇಪ್ಪತ್ತರೊಳಗೆ ಮಕ್ಕಳು ತಮ್ಮ ಕಾರ್ಯಕ್ರಮ ಕಳಿಸಬೇಕು.

“ಇಷ್ಟು ದಿನ ಗುಬ್ಬಿ ಬೇರೆಯವರ ದನಿ ಜೋಡಿಸಿಕೊಡ್ತಿದ್ಲು, ತನ್ನ ದನಿ ಹಾಕ್ತಿರಲಿಲ್ಲ. ಈ ಸಲ ನಾನೇ ಮಾತಾಡ್ತೀನಿ ಅಂದಿದ್ದಾಳೆ,” ಎಂದರು ಮೇಡಂ. “ರೆಕಾರ್ಡರ್ ಗಡಿಬಿಡಿ ಮಾಡಲ್ಲ ನೋಡಿ ಸರ್. ಎಷ್ಟು ಹೊತ್ತಾದ್ರೂ ಕಾಯುತ್ತೆ.”

“ಅವಳಿಗ್ಯಾಕೆ ಕಷ್ಟ? ಬೇಕಿದ್ರೆ ನನ್ನ ದನಿ ಕೊಡ್ತೀನಿ.”

“ಇಲ್ಲಿ ದೊಡ್ಡವರ ದನಿ ಮಕ್ಕಳು ಕೇಳಿದ್ರೆ ಮಾತ್ರ ಸರ್.”

ಸಭೆಯ ನಿರೂಪಣೆ ಮಾತ್ರ ನನಗೇ. ನಾನೇ ಕೇಳಿ ಇಸಿದುಕೊಂಡೆ.

ಜೂನ್ ೧೩, ಶುಕ್ರವಾರ

ಗುಬ್ಬಿ ಫೋನು ಹಿಡಿದು ಊರೆಲ್ಲ ಸುತ್ತುತ್ತಿದ್ದಾಳೆ. ಕ್ಷೌರದಂಗಡಿಗೆ ಹೋಗಿದ್ದಳು. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಓಡಾಡಿದಳು. ನನ್ನ ಅಮ್ಮನ ಮನೆಗೆ ಹೋಗಿ ಒಂದಿಡೀ ಮಧ್ಯಾಹ್ನ ಕೂತಿದ್ದಳು. ವಿಷಯ ಏನೆಂದರೆ ಹೇಳುವುದಿಲ್ಲ.

ನನ್ನದೂ ಸ್ವಲ್ಪ ಇರಲಿ ಎಂದು ‘ಧ್ವನಿಯ ಮಹತ್ವ’ ಕುರಿತು ಮೂರು ಮಾತು ಹೇಳಿದೆ. ಮೂರು ಮೂವತ್ತಾಯಿತು. ತಾಳ್ಮೆಯಿಂದ ರೆಕಾರ್ಡ್ ಮಾಡಿಕೊಂಡು, ಕೇಳಿ, ತಲೆಯಾಡಿಸಿದಳು.

“ಇದು ಆಗಲ್ಲ ಅಪ್ಪ. ಇದರಲ್ಲಿ ಜ್... ಜ್...”

“ಜೀವ ಇಲ್ವಾ?”

“ಜಾಗ ಇಲ್ಲ.”

ಸಂದಿಲ್ಲದ ಮಾತು! ಇದಕ್ಕಿಂತ ದೊಡ್ಡ ಪ್ರಶಸ್ತಿ ನಿರೂಪಕನಿಗೆ ಬೇರೆ ಏನಿದೆ?

ಜೂನ್ ೧೯, ಗುರುವಾರ

ಇಂದು ನಾನೊಂದು ಸತ್ಕಾರ್ಯ ಮಾಡಿದ್ದೇನೆ. ಹೇಳಿಕೊಳ್ಳುವುದಿಲ್ಲ. ಬರೆದುಕೊಳ್ಳುತ್ತೇನೆ.

ಗುಬ್ಬಿ ಶಾಲೆಗೆ ಹೋಗಿದ್ದಳು. ಲ್ಯಾಪ್‌ಟಾಪ್ ತೆರೆದೇ ಇತ್ತು. ನಾಳೆ ಕಳಿಸಬೇಕಾದ ಕಾರ್ಯಕ್ರಮ ಪರದೆಯ ಮೇಲಿತ್ತು. ಒಂದಿಷ್ಟು ಕೇಳಿದೆ. “ಇದು...” ಎನ್ನುತ್ತಾಳೆ ಮಗು, ಆಮೇಲೆ ಬಯಲು. ಎಷ್ಟು ಹೊತ್ತಾದರೂ ಬಯಲು. ಜನ ತುಂಬಿದ ಸಭೆಯಲ್ಲಿ ಈ ಬಯಲಲ್ಲಿ ಅವಳೊಬ್ಬಳೇ ನಿಲ್ಲಬೇಕಲ್ಲ! ಯಾರಾದರೂ ಕಿಸಕ್ಕೆಂದು ನಕ್ಕರೆ?

ಕನ್ನಡಕದ ಹುಡುಗಿ ಕಲಿಸಿದ ಗುಂಡಿ ನೆನಪಾಯಿತು. ಒತ್ತಿದೆ. ಹನ್ನೊಂದು ನಿಮಿಷ ನಾಲ್ಕಕ್ಕೆ ಇಳಿಯಿತು. ಬಯಲೆಲ್ಲ ಮಾಯ, ಗುಡ್ಡಕ್ಕೆ ಗುಡ್ಡ ತಾಗಿ ನಿಂತವು. ಕೆಳಗೆ ಕಣ್ಣು ಕುಕ್ಕುವ ಹಸಿರು ಬಣ್ಣದಲ್ಲಿ ‘ಕಳಿಸಿ’ ಎಂದಿತ್ತು. ಅದನ್ನೂ ಒತ್ತಿದೆ. ಪೂರ್ತಿ ಕೇಳಲು ಪುರಸೊತ್ತಾಗಲಿಲ್ಲ. ಪೀಠೋಪಕರಣದ ಮಳಿಗೆಯ ಉದ್ಘಾಟನೆಗೆ ಕರೆದೊಯ್ಯಲು ಕಾರು ಬಂದಿತ್ತು.

ನಾಳೆ ಆಶ್ಚರ್ಯಪಡಲಿ.

ಜೂನ್ ೨೦, ಶುಕ್ರವಾರ

ಗುಬ್ಬಿ ಊಟಕ್ಕೆ ಬರಲಿಲ್ಲ.

ಜೂನ್ ೨೧, ಶನಿವಾರ

ಗುಂಡಿ ಒತ್ತಿದವನು ಗುಂಡಿಗೆ ಬಿದ್ದಿದ್ದೇನೆ. ತಮಾಷೆ ಮಾಡುವ ಮನಸ್ಸಿಲ್ಲ. ಅಭ್ಯಾಸಬಲ.

ಹೆಂಡತಿ ಬೆಳಿಗ್ಗೆ ಏನೂ ಬೈಯದೆ ಕುರ್ಚಿ ತೋರಿಸಿದಳು. ಅವಳ ಕ್ಲಿನಿಕ್ಕಿನಲ್ಲಿ ಕೂತಂತೆ ಕೂತೆ. ಅದೇ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದಳು. ಹಳೆಯ ಪ್ರತಿಯನ್ನು ಲ್ಯಾಪ್‌ಟಾಪ್ ತಾನಾಗಿಯೇ ಉಳಿಸಿಟ್ಟುಕೊಂಡಿರುತ್ತದಂತೆ. “ಕೇಳಿ. ಮಧ್ಯ ಮಾತಾಡಬೇಡಿ,” ಎಂದಳು.

ಕಾರ್ಯಕ್ರಮದ ಹೆಸರು ‘ಮಾತಿಗೆ ಮುಂಚೆ’. ವಿಷಯವೇ ಮೌನ.

ಕ್ಷೌರಿಕ ಗಿರಾಕಿಯ ತಲೆ ನೋಡುತ್ತ ನಿಂತಿದ್ದಾನೆ. ಕತ್ತರಿ ಗಾಳಿಯಲ್ಲೇ ಕಚಕಚ ಅಂದು ಸುಮ್ಮನಾಗುತ್ತದೆ. ಬಹಳ ಹೊತ್ತಿನ ಮೇಲೆ ಮೊದಲ ಕೂದಲು. ಲಿಫ್ಟಿನೊಳಗೆ ಯಾರೋ ಇಬ್ಬರು, ಒಬ್ಬ ಕೆಮ್ಮಿ ಏನೋ ಹೇಳಲು ಹೊರಟವನು ಹೇಳುವುದಿಲ್ಲ, ಬಾಗಿಲು ತೆರೆಯುತ್ತದೆ. ಆಮೇಲೆ ನನ್ನ ಅಮ್ಮ. “ಅಜ್ಜಿ, ತಾತ ಹೇಗಿದ್ರು?” ಎಂದು ಗುಬ್ಬಿ ಕೇಳುತ್ತಾಳೆ. ಗಡಿಯಾರ. ಲೋಟದ ಮೇಲೆ ಚಮಚ ಇಟ್ಟ ಸದ್ದು. ಹೊರಗೆಲ್ಲೋ ಒಂದು ಸೈಕಲ್ ಗಂಟೆ. ಮತ್ತೆ ಗಡಿಯಾರ. ಆಮೇಲೆ ಅಮ್ಮ, “ಸಣ್ಣ ಸಣ್ಣ ವಿಷಯಕ್ಕೆ ನಗೋರು ಕಣೇ,” ಎನ್ನುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ನಾನು ಈ ಪ್ರಶ್ನೆ ಕೇಳಿಲ್ಲ. ಸಮಾಧಾನ ಹೇಳಿದ್ದೇನೆ, ಬೇಕಾದಷ್ಟು.

ಆಮೇಲೆ ನಮ್ಮ ಊಟದ ಮೇಜು. ಗುಬ್ಬಿ “ನ್... ನ್...” ಎನ್ನುತ್ತಾಳೆ. “ನೀರು!” ಎಂದು ಸುಸ್ಪಷ್ಟವಾದ, ಪಳಗಿದ, ಭಾರೀ ಕಂಠವೊಂದು. ನೀರು ಸುರಿದ ಸದ್ದು. ಒಂದು ಮಗು ಗುಟುಕು ಗುಟುಕಾಗಿ ಕುಡಿಯುವ ಸದ್ದು. ಅಷ್ಟೇ. ಅದರ ಬಗ್ಗೆ ಅವಳು ಒಂದು ಮಾತೂ ಹೇಳಿಲ್ಲ.

ಕೊನೆಯಲ್ಲಿ ತನ್ನ ಹೆಸರು ಹೇಳುತ್ತಾಳೆ. ಬಹಳ ಹೊತ್ತು ಹಿಡಿಯುತ್ತದೆ. ಹೇಳುತ್ತಾಳೆ.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಎಷ್ಟು ವೇದಿಕೆಯ ಮೇಲೆ ಹೇಳಿಲ್ಲ ನಾನು. ಬಂಗಾರವನ್ನೆಲ್ಲ ಕತ್ತರಿಸಿ ಬಿಸಾಕಿ ಬೆಳ್ಳಿಯ ಚೂರುಗಳನ್ನು ಕಳಿಸಿಕೊಟ್ಟಿದ್ದೆ. ನಾನು ಕಳಿಸಿದ ಪ್ರತಿಯನ್ನೂ ಕೇಳಿದೆ. ಅದರಲ್ಲಿ ಒಂಚೂರೂ ಕತ್ತರಿ ಬೀಳದೆ ಉಳಿದಿರುವುದು ಒಂದೇ ಒಂದು ದನಿ. “ನೀರು!”

ಜೂನ್ ೨೨, ಭಾನುವಾರ

ಕ್ಷಮಾಪಣೆಗೆ ಒಳ್ಳೆಯ ಪೀಠಿಕೆ ಸಿದ್ಧಮಾಡಿಕೊಂಡಿದ್ದೆ. ಹೆಂಡತಿ ಬಾಗಿಲಲ್ಲೇ ತಡೆದು, “ಚಿಕ್ಕದಾಗಿ,” ಎಂದಳು.

ಗುಬ್ಬಿ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಒಂದು ಮೆಟ್ಟಿಲು ಕೆಳಗೆ ಕೂತೆ.

“ತಪ್ಪಾಯ್ತು ಮರಿ. ಹಳೇದನ್ನೇ ಮತ್ತೆ ಕಳಿಸು. ಮೇಡಂ ಹತ್ರ ನಾನು ಮಾತಾಡ್ತೀನಿ.”

“ಬೇಡ. ನ್... ನೀನು ಕಳಿಸಿದ್ದೇ ಇರಲಿ.”

“ಯಾಕೆ?”

ಇಲ್ಲಿ ಬಹಳ ಹೊತ್ತು ಏನೂ ಇಲ್ಲ. ಎದುರು ಮನೆಯವರು ಒಗೆದ ಬಟ್ಟೆ ಕೊಡವುತ್ತಿದ್ದರು.

“ನೀನೇ ನನ್ನ ಮಾತು ಕೇಳೋಕಾಗದೆ ಕತ್ತರಿಸಿದೆ,” ಎಂದಳು. “ಹ್... ಹೊರಗಿನವರು ಕೇಳ್ತಾರಾ?”

ಇದಕ್ಕೆ ಉತ್ತರವಾಗಿ ನನ್ನ ಬಳಿ ಕನಿಷ್ಠ ಆರು ಗಾದೆಗಳಿದ್ದವು. ಒಂದೂ ಹೊರಗೆ ಬರಲಿಲ್ಲ.

“ಅಪ್ಪ, ಅವತ್ತು ಊಟಕ್ಕೆ ಕೂತಾಗ ನನಗೆ ಬೇಕಾಗಿದ್ದು ನೀರಲ್ಲ.”

“ಮತ್ತೇನು?”

ಎದುರು ಮನೆಯವರು ಒಂದು ಇಡೀ ಹೊದಿಕೆ ಕೊಡವಿ, ಹರವಿ, ಕ್ಲಿಪ್ಪು ಹಾಕಿದರು.

“ನ್... ನ್... ನಾಳೆಯಿಂದ ನಾನೊಬ್ಬಳೇ ಬಸ್ಸಲ್ಲಿ ಶಾಲೆಗೆ ಹೋಗ್ತೀನಿ ಅಂತ.”

ದಿನಾ ಸ್ಕೂಟರಿನಲ್ಲಿ ಕರೆದೊಯ್ದು, ಅವಳ ಪರವಾಗಿ ಟೀಚರೊಡನೆ, ಕಾವಲುಗಾರನೊಡನೆ, ಅವಳ ಗೆಳತಿಯರೊಡನೆ ಸಹ ಮಾತಾಡಿ ಬರುವವನು ನಾನು.

“ಹೋಗು,” ಎಂದೆ. ಇಷ್ಟು ಚಿಕ್ಕ ವಾಕ್ಯ ನನ್ನ ಬಾಯಿಂದ ಬಂದದ್ದಕ್ಕೆ ಇಬ್ಬರಿಗೂ ಗಾಬರಿಯಾಯಿತು.

ಜೂನ್ ೨೪, ಮಂಗಳವಾರ

ಲೈಬ್ರರಿ ಮೇಡಂ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಕಡೇ ದಿನ ಮುಗೀತು ಅಂತ ನಾನು ಹೇಳಲ್ಲ ಸರ್. ಆದರೆ ಬದಲಾಯಿಸೋದು, ಬಿಡೋದು ಅವಳಿಗೆ ಬಿಟ್ಟಿದ್ದು. ಅವಳೇ ಬಂದು ಹೇಳಲಿ. ಫೋನ್ ಮಾಡಿದ್ರೂ ಆಯ್ತು.”

ಗುಬ್ಬಿಗೆ ಫೋನ್ ಕರೆಯೆಂದರೆ ಬೆವರು. ಸಂದೇಶ ಬರೆದು ಕಳಿಸಬಹುದಿತ್ತು. ಹಾಗೆ ಮಾಡದೆ ಸಂಜೆ ಬಾಗಿಲು ಮುಚ್ಚಿಕೊಂಡು ಫೋನ್ ಮಾಡಿದಳು. ನಾನು ಹೊರಗೆ ನಿಂತಿದ್ದೆ. ಕದ್ದು ಕೇಳಲಲ್ಲ, ಆ ಗೋಡೆಯ ಚಿತ್ರಪಟ ವಾಲಿತ್ತು, ಸರಿಮಾಡುತ್ತಿದ್ದೆ. ಬಹಳ ಹೊತ್ತು ವಾಲಿಯೇ ಇತ್ತು.

ಹೊರಗೆ ಬಂದು, “ಹಳೇದೇ ಹಾಕಿ ಅಂದೆ,” ಎಂದಳು. ಆಮೇಲೆ ನನಗೆ ಷರತ್ತುಗಳು. ಸಭೆಯಲ್ಲಿ ಅವಳ ಕಾರ್ಯಕ್ರಮಕ್ಕೆ ಹೆಸರು ಮಾತ್ರ ಹೇಳಬೇಕು, ವಿಶೇಷಣ ಹಚ್ಚಕೂಡದು. ಧ್ವನಿ ಹತೋಟಿಯ ಮೇಜಿನಲ್ಲಿ ಕೂರುವವಳು ಅವಳು. ಅವಳು ಸನ್ನೆ ಮಾಡಿದಾಗ ನಾನು ನಿಲ್ಲಿಸಬೇಕು.

ಬಸ್ಸಿನ ಬಗ್ಗೆ ಕೇಳಿದೆ. “ಹೇಳಿ ಮುಗಿಸೋ ತನಕ ಕಂಡಕ್ಟರ್ ಕಾಯ್ತಾರೆ,” ಎಂದಳು.

ಜೂನ್ ೨೯, ಭಾನುವಾರ

ಅಮ್ಮನ ಮನೆಗೆ ಹೋಗಿ ಬಂದೆ. ಮಧ್ಯಾಹ್ನವೆಲ್ಲ ಕೂತಿದ್ದೆವು. ಆ ಗಡಿಯಾರ ಇಷ್ಟು ಜೋರೆಂದು ಗೊತ್ತಿರಲಿಲ್ಲ.

ನಾನು ಬದಲಾಗಿದ್ದೇನೆಂದು ಹೆಂಡತಿ ಅಣಕಿಸುತ್ತಾಳೆ. ಅಂಥದ್ದೇನಿಲ್ಲ. ಗಂಟಲು ಕಟ್ಟಿದೆ, ಅಷ್ಟೆ.

ಜುಲೈ ೫, ಶನಿವಾರ

ವಿಜಯ! ಶಾಯಿ ತುಂಬಿಸಿಕೊಂಡು ಬರೆಯುತ್ತಿದ್ದೇನೆ.

ಲೈಬ್ರರಿಯ ಓದುವ ಕೋಣೆ ತುಂಬಿತ್ತು. ಗುಬ್ಬಿ ಒಂದು ಬದಿಯ ಮೇಜಿನಲ್ಲಿ, ಮುಂದೆ ಧ್ವನಿ ಹತೋಟಿಯ ಹಲಗೆ. ಅದರಲ್ಲಿ ಮೈಕಿಗೊಂದರಂತೆ ಜಾರುಗುಂಡಿ, ಮೇಲೆ ಸರಿಸಿದರೆ ದನಿ, ಕೆಳಗೆಳೆದರೆ ಮೌನ. ಅವಳ ಮುಂದೊಂದು ಪುಟ್ಟ ಮೈಕ್, ನನ್ನ ಕೈಯಲ್ಲೊಂದು.

‘ಮಾತಿಗೆ ಮುಂಚೆ’ ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದೆ. ಮೊದಲ ಮೌನಕ್ಕೆ ಜನ ಸ್ಪೀಕರು ಕೆಟ್ಟಿತೆಂದುಕೊಂಡರು. ಒಬ್ಬರು ಎದ್ದುಹೋಗಿ ಅದನ್ನು ತಟ್ಟಿದರು ಸಹ. ಕ್ಷೌರಿಕನ ಹೊತ್ತಿಗೆ ಕುರ್ಚಿಗಳ ಕಿರುಗುಟ್ಟುವಿಕೆ ನಿಂತಿತು. ಅಮ್ಮನ ಗಡಿಯಾರಕ್ಕೆ ಇಡೀ ಕೋಣೆ ಉಸಿರು ಹಿಡಿದಿತ್ತು. “ನೀರು!” ಎಂದಾಗ ಎಲ್ಲರೂ ಗೊಳ್ಳೆಂದರು. ಆ ಮಗು ಕುಡಿಯುತ್ತ ಹೋದ ಹಾಗೆ ನಗು ಒಬ್ಬೊಬ್ಬರದಾಗಿ ಇಳಿಯಿತು. ನನ್ನ ಕಡೆ ಯಾರೂ ನೋಡಲಿಲ್ಲ. ಅದು ಅವರ ದೊಡ್ಡತನ.

ಮುಗಿದ ಮೇಲೆ ಒಬ್ಬ ಹಿರಿಯರು ಎದ್ದರು. “ಪುಟ್ಟಮ್ಮ, ನಿನ್ನ ಮಾತಿನ ಮಧ್ಯೆ ಅಷ್ಟೊಂದು ಖಾಲಿ ಯಾಕೆ ಬಿಟ್ಟೆ? ಕತ್ತರಿಸಬಹುದಿತ್ತಲ್ಲ?”

ಗುಬ್ಬಿ ತನ್ನ ಮೈಕಿಗೆ ಬಾಗಿದಳು. “ನ್... ನ್... ನ್...”

ಮಾತು ನಿಂತಿತು. ಇಷ್ಟು ದೊಡ್ಡ ಸಂದನ್ನು ನನ್ನ ವೃತ್ತಿಜೀವನದಲ್ಲೇ ನೋಡಿಲ್ಲ. ಸಭೆ ನನ್ನತ್ತ ತಿರುಗಿತು. ಕೈಯಲ್ಲಿ ಮೈಕ್ ಇದೆ, ಹೊಟ್ಟೆಯಲ್ಲಿ ಮಾತಿದೆ. ಆದರೂ, ಇದನ್ನು ಮೊಮ್ಮಕ್ಕಳು ಓದಲಿ ಎಂದು ಬರೆದಿಡುತ್ತೇನೆ, ಮೈಕಣ್ಣನೆಂಬ ಈ ನಾನು ಸುಮ್ಮನಿದ್ದೆ.

“ನಡುವೆ ನಾನು ಯೋಚನೆ ಮಾಡ್ತಿರ್ತೀನಿ,” ಎಂದಳು ಗುಬ್ಬಿ. “ಆ ಹೊತ್ತಲ್ಲಿ ನ್... ನೀವೂ ಮಾಡಬಹುದು ಅಂತ.”

ಹಿರಿಯರೇ ಮೊದಲು ಚಪ್ಪಾಳೆ ತಟ್ಟಿದರು.

ಹೊರಡುವಾಗ ಎಷ್ಟೋ ಜನ ನನ್ನ ಕೈ ಕುಲುಕಿದರು. “ಎಂಥ ಸಂಯಮ ಸರ್ ನಿಮ್ಮದು!” ತಲೆ ಬಾಗಿಸಿ ಸ್ವೀಕರಿಸಿದೆ.

ಜುಲೈ ೬, ಭಾನುವಾರ

ನಿನ್ನೆ ಬರೆದುದರಲ್ಲಿ ಒಂದು ಸಣ್ಣ ತಿದ್ದುಪಡಿ ಇದೆ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೆಂಡತಿ, “ಮುಂದಿನ ಸಾಲಲ್ಲಿದ್ದವರು ಹೇಳ್ತಿದ್ರು, ಮಗಳು ನಿಂತುಬಿಟ್ಟಾಗ ನೀವು ತುಟಿ ಅಲ್ಲಾಡಿಸಿ ಪ್ರಾರ್ಥನೆ ಮಾಡಿದ್ರಂತೆ,” ಎಂದಳು. ಗುಬ್ಬಿಗೆ ಕಾಫಿ ನೆತ್ತಿಗೇರಿತು.

ಅದು ಪ್ರಾರ್ಥನೆಯಾಗಿರಲಿಲ್ಲ. ಮೈಕ್ ಎತ್ತಿ ನಾನು ಮಾತಾಡಿದ್ದೆ. ಸ್ಪೀಕರಿನಿಂದ ದನಿಯೇ ಹೊರಡಲಿಲ್ಲ. ಮೈಕಿಲ್ಲದ ನನ್ನ ದನಿ ಎಷ್ಟು ಪುಟ್ಟದೆಂದು ತಿಳಿದು ದಂಗಾಗಿ ಬಾಯಿ ಮುಚ್ಚಿದೆ. ಸಂಯಮವೆಂದು ಜನ ಕರೆದದ್ದು ಅದನ್ನು.

“ನಿನ್ನ ಮೈಕ್ ನಾನೇ ಇಳಿಸಿದ್ದೆ,” ಎಂದಳು ಗುಬ್ಬಿ.

“ಅಪ್ಪನ ಮೇಲೆ ಅಷ್ಟೂ ನಂಬಿಕೆ ಇಲ್ವೇನೇ?”

ಅವಳು ಯೋಚಿಸಿದಳು. ಅಷ್ಟು ಹೊತ್ತೂ ನಾವಿಬ್ಬರೂ ಕಾಫಿ ಕುಡಿದೆವು.

“ಅರ್ಧ ಇತ್ತು. ಅದಕ್ಕೇ ಮೊದಲು ಅರ್ಧ ಇಳಿಸಿದ್ದೆ. ನ್... ನೀನು ಬಾಯಿ ತೆಗೆದಾಗ ಪೂರ್ತಿ ಇಳಿಸಿದೆ.”

ಕಥೆ ಇಲ್ಲಿಗೇ ಮುಗಿದಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಸಭೆಗೆ ಕೇಳಿಸದಿದ್ದರೂ ಆ ಮೈಕಿನ ದನಿ ರೆಕಾರ್ಡಿಂಗಿಗೆ ಹೋಗುತ್ತದಂತೆ. ಅವಳು ಲ್ಯಾಪ್‌ಟಾಪ್ ತಂದು ಕೇಳಿಸಿದಳು. ಒಂದು ಸಣ್ಣ ಗುಡ್ಡ, ಸುತ್ತಲೂ ಬಯಲು.

“ಇದನ್ನ ಕತ್ತರಿಸೋಕಾಗಲ್ವಾ ಮರಿ?”

“ಆಗುತ್ತೆ,” ಎಂದಳು. ನಾನು ಕಾದೆ. “ಕತ್ತರಿಸಲ್ಲ.”

ಇಡೀ ಸಭೆಯ ಮುಂದೆ, ಬದುಕನ್ನೇ ಬದಲಿಸಬಹುದಾಗಿದ್ದ ಆ ಸಂದಿನಲ್ಲಿ, ನಾನು ಸುಸ್ಪಷ್ಟವಾದ ನನ್ನ ಪಳಗಿದ ಕಂಠದಲ್ಲಿ ಹೇಳಿದ್ದು ಇಷ್ಟು:

“ನೀರು ಬೇಕಾ?”